ಹೂಳೆತ್ತುವ ಲೆಕ್ಕ: ‘ಆರ್’ ಭಂಡಾರದ ಕಥೆ



ಯಾದಗಿರಿ ಸೀಮೆಯವರಿಗೆ ಹತ್ತಿಕುಣಿ ಎಂದೊಡನೆ ನೆನಪಾಗುವುದು ಅಲ್ಲಿನ ಜಲಾಶಯ. ನೀರನ್ನು ತಡೆದು ನಿಲ್ಲಿಸಿದ ಕಡೆಯಲ್ಲೆಲ್ಲ ಒಂದು ನಿಯಮ ತಪ್ಪದೆ ನಡೆಯುತ್ತದೆ. ಹರಿದು ಬರುವ ನೀರು ತನ್ನ ಜೊತೆ ಮಣ್ಣನ್ನೂ ತರುತ್ತದೆ. ನೀರು ಕಾಲುವೆಗೆ ಇಳಿದು ಹೋಗುತ್ತದೆ, ಮಣ್ಣು ತಳದಲ್ಲಿ ಉಳಿಯುತ್ತದೆ. ಇದೇ ಹೂಳು. ಅದು ಒಂದು ದಿನದಲ್ಲಿ ಬಂದದ್ದಲ್ಲ, ದಂಡೆಯ ಮೇಲೆ ನಿಂತವರ ಕಣ್ಣಿಗೆ ಬೀಳುವಂಥದ್ದೂ ಅಲ್ಲ. ಕೆರೆ ತುಂಬಿದಂತೆಯೇ ಕಾಣುತ್ತದೆ. ಹಿಡಿದ ನೀರು ಮಾತ್ರ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತ ಹೋಗುತ್ತದೆ.

ನಮ್ಮ ಹಿರಿಯರಿಗೆ ಇದು ಚೆನ್ನಾಗಿ ಗೊತ್ತಿತ್ತು. ಕನ್ನಡ ನಾಡಿನ ಶಾಸನಗಳಲ್ಲಿ ‘ಬಿತ್ತುವಟ್ಟ’ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಕೆರೆಯ ಪಾಲನೆಗೆಂದು ಬಿಟ್ಟುಕೊಟ್ಟ ಭೂಮಿ ಅಥವಾ ಆದಾಯಕ್ಕೆ ಆ ಹೆಸರು. ಹೂಳು ಸಾಗಿಸುವ ಬಂಡಿಗಳ ಖರ್ಚಿಗೆಂದೇ ದತ್ತಿ ಬಿಟ್ಟದ್ದೂ ಉಂಟು. ಕೆರೆ ಕಟ್ಟಿಸುವುದು ಒಂದು ಸಲದ ಪುಣ್ಯ, ಅದನ್ನು ಉಳಿಸಿಕೊಳ್ಳುವುದು ಪ್ರತಿ ವರ್ಷದ ದುಡಿಮೆ ಎಂಬ ತಿಳಿವಳಿಕೆ ಆ ಏರ್ಪಾಡಿನ ಹಿಂದೆ ಇತ್ತು.

ಇಷ್ಟು ಪೀಠಿಕೆ ಹಾಕಿದರೂ, ಇಂದು ನಾನು ಹೇಳಹೊರಟಿರುವುದು ಗಣಕಯಂತ್ರದೊಳಗಿನ ಒಂದು ಕೆರೆಯ ಕಥೆ. ಅಂಕಿ-ಅಂಶಗಳ ಲೆಕ್ಕಕ್ಕಾಗಿ ಪ್ರಪಂಚದಾದ್ಯಂತ ಬಳಸುತ್ತಿರುವ ‘ಆರ್’ ಎಂಬ ಗಣಕ ಭಾಷೆಯ ಭಂಡಾರ, ಆ ಭಂಡಾರದಲ್ಲಿ ತುಂಬಿಕೊಳ್ಳುವ ‘ಪ್ಯಾಕೇಜು’ಗಳೆಂಬ ಕಟ್ಟುಗಳು, ಅವುಗಳ ಹೂಳೆತ್ತುವ ವಿಧಾನ, ಇವು ಈ ಲೇಖನದ ವಿಷಯ. ಮಳೆ, ಬೆಳೆ, ಶಿಶುಮರಣ, ಶಾಲೆ ಬಿಟ್ಟ ಮಕ್ಕಳು ಎಂದು ಏನನ್ನೇ ಎಣಿಸಿದರೂ ಆ ಎಣಿಕೆಯನ್ನು ಅರ್ಥವಾಗಿಸುವ ಯಂತ್ರ ಸರಿಯಾಗಿರಬೇಕಲ್ಲವೇ? ಆದ್ದರಿಂದ ಇದು ಕೇವಲ ಗಣಕದವರ ಸಂಗತಿ ಎಂದು ತಾವು ಪುಟ ಮಗುಚಬಾರದು ಎಂದು ವಿನಂತಿ.

ಹಡಗಲಿಯಲ್ಲಿ ಹುಟ್ಟಿದ ಹೆಸರು

ಸಂಖ್ಯಾಶಾಸ್ತ್ರ ನಮಗೆ ಪರಕೀಯವೇನಲ್ಲ. ಇಪ್ಪತ್ತನೆಯ ಶತಮಾನದ ಅತಿ ದೊಡ್ಡ ಸಂಖ್ಯಾಶಾಸ್ತ್ರಜ್ಞರಲ್ಲಿ ಒಬ್ಬರಾದ ಸಿ. ಆರ್. ರಾವ್ ಅವರು 1920ರಲ್ಲಿ ಹುಟ್ಟಿದ್ದು ಹೂವಿನ ಹಡಗಲಿಯಲ್ಲಿ. ಆಗ ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ಆ ಊರು ಈಗ ವಿಜಯನಗರ ಜಿಲ್ಲೆಯಲ್ಲಿದೆ. ತೆಲುಗು ಮನೆತನದ ರಾವ್ ಅವರು ಕಲ್ಕತ್ತೆಯಲ್ಲಿ ಪಿ. ಸಿ. ಮಹಲನೋಬಿಸ್ ಅವರು 1931ರಲ್ಲಿ ಸ್ಥಾಪಿಸಿದ್ದ ಭಾರತೀಯ ಸಂಖ್ಯಾಶಾಸ್ತ್ರ ಸಂಸ್ಥೆಯನ್ನು ಸೇರಿದರು. 1945ರಲ್ಲಿ, ಇನ್ನೂ ಇಪ್ಪತ್ತೈದು ತುಂಬುವ ವಯಸ್ಸಿನಲ್ಲಿ, ಅವರು ಪ್ರಕಟಿಸಿದ ಒಂದು ಪ್ರಬಂಧ ಇಂದಿಗೂ ಪಠ್ಯಪುಸ್ತಕಗಳಲ್ಲಿ ನಿಂತಿದೆ. ಅವರು 2023ರ ಆಗಸ್ಟಿನಲ್ಲಿ, 102ನೆಯ ವಯಸ್ಸಿನಲ್ಲಿ ತೀರಿಕೊಂಡರು.

ಅದೇ ಸಂಸ್ಥೆಗೆ 1956ರಲ್ಲಿ ‘ಎಚ್‌ಇಸಿ-2ಎಂ’ ಎಂಬ ಗಣಕಯಂತ್ರ ಇಂಗ್ಲೆಂಡಿನಿಂದ ಬಂದಿತು. ಭಾರತಕ್ಕೆ ಬಂದ ಮೊದಲ ಅಂಕೀಯ ಗಣಕ ಅದು. ಅಂದರೆ ನಮ್ಮ ದೇಶದಲ್ಲಿ ಗಣಕಯಂತ್ರ ಕಾಲಿಟ್ಟದ್ದೇ ಸಂಖ್ಯಾಶಾಸ್ತ್ರದ ಅಂಗಳದಲ್ಲಿ. ಆ ನಂಟು ಇಂದಿಗೂ ಮುಂದುವರಿದಿದೆ. ‘ಆರ್’ ಭಾಷೆಯ ಜೊತೆಯಲ್ಲೇ ಬರುವ ‘ಲ್ಯಾಟಿಸ್’ ಎಂಬ ನಕ್ಷೆಗಳ ಕಟ್ಟನ್ನು ಬರೆದವರು, ಇದೇ ಸಂಸ್ಥೆಯ ದೆಹಲಿ ಕೇಂದ್ರದ ಪ್ರಾಧ್ಯಾಪಕರೂ ‘ಆರ್’ ಕೇಂದ್ರ ತಂಡದ ಸದಸ್ಯರೂ ಆದ ದೀಪಾಯನ್ ಸರ್ಕಾರ್.

ಒಂದು ಅಕ್ಷರದ ಭಾಷೆ

‘ಆರ್’ ಭಾಷೆಗೆ ಒಬ್ಬ ಅಣ್ಣನಿದ್ದಾನೆ. ಅವನ ಹೆಸರೂ ಒಂದೇ ಅಕ್ಷರ: ‘ಎಸ್’. ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜಾನ್ ಚೇಂಬರ್ಸ್ ಮತ್ತು ಅವರ ಸಂಗಡಿಗರು 1976ರಲ್ಲಿ ಅದನ್ನು ಆರಂಭಿಸಿದರು. ಅದುವರೆಗೆ ಲೆಕ್ಕ ಮಾಡಬೇಕಾದ ಸಂಶೋಧಕರು ಪ್ರತಿ ಸಲವೂ ಉದ್ದುದ್ದ ಪ್ರೋಗ್ರಾಂ ಬರೆಯಬೇಕಿತ್ತು. ‘ಎಸ್’ ಬಂದ ಮೇಲೆ ಯಂತ್ರದೊಡನೆ ಪ್ರಶ್ನೋತ್ತರ ನಡೆಸಿದಂತೆ ಲೆಕ್ಕ ಮಾಡುವುದು ಸಾಧ್ಯವಾಯಿತು.

ತೊಂಬತ್ತರ ದಶಕದ ಆರಂಭದಲ್ಲಿ ನ್ಯೂಜಿಲೆಂಡಿನ ಆಕ್ಲೆಂಡ್ ವಿಶ್ವವಿದ್ಯಾಲಯದ ಇಬ್ಬರು ಅಧ್ಯಾಪಕರು, ರಾಸ್ ಇಹಾಕಾ ಮತ್ತು ರಾಬರ್ಟ್ ಜಂಟಲ್‌ಮನ್, ತಮ್ಮ ವಿದ್ಯಾರ್ಥಿಗಳಿಗೆ ಕಲಿಸಲು ‘ಎಸ್’ನಂಥದೇ ಒಂದು ಭಾಷೆಯನ್ನು ಬರೆದರು. ಇಬ್ಬರ ಹೆಸರೂ ‘ಆರ್’ ಅಕ್ಷರದಿಂದ ಆರಂಭವಾಗುತ್ತಿತ್ತು; ‘ಎಸ್’ಗಿಂತ ಒಂದು ಅಕ್ಷರ ಹಿಂದೆಯೂ ಇತ್ತು. ಭಾಷೆಗೆ ‘ಆರ್’ ಎಂದೇ ಹೆಸರಾಯಿತು. 1993ರಲ್ಲಿ ಅದರ ಸುದ್ದಿ ಹೊರಗೆ ಹಬ್ಬಿತು. ಜ್ಯೂರಿಕ್ಕಿನ ಮಾರ್ಟಿನ್ ಮೆಕ್ಲರ್ ಅವರ ಒತ್ತಾಯದಿಂದ 1995ರಲ್ಲಿ ಅದು ಮುಕ್ತ ತಂತ್ರಾಂಶವಾಯಿತು. ಯಾರು ಬೇಕಾದರೂ ಹಣ ಕೊಡದೆ ಪಡೆಯಬಹುದು, ತಿದ್ದಬಹುದು, ಹಂಚಬಹುದು. 1997ರಲ್ಲಿ ಅದನ್ನು ನೋಡಿಕೊಳ್ಳಲು ಕೇಂದ್ರ ತಂಡವೊಂದು ರೂಪುಗೊಂಡಿತು. ಪೂರ್ಣ ಪ್ರಮಾಣದ ಮೊದಲ ಆವೃತ್ತಿ ಹೊರಬಂದದ್ದು 2000ದ ಫೆಬ್ರವರಿ 29ರಂದು.

ಹನ್ನೆರಡರಿಂದ ಇಪ್ಪತ್ತು ಸಾವಿರಕ್ಕೆ

ಇನ್ನು ಕಟ್ಟುಗಳ ವಿಷಯ. ‘ಆರ್’ ಭಾಷೆಯನ್ನು ಬರೆದವರೇ ಎಲ್ಲ ಬಗೆಯ ಲೆಕ್ಕಗಳನ್ನೂ ಅದರಲ್ಲಿ ತುಂಬಲು ಹೋಗಲಿಲ್ಲ. ಮಳೆಯ ಲೆಕ್ಕದವರು ಮಳೆಗೆ ಬೇಕಾದ ಸೂತ್ರಗಳನ್ನು, ವೈದ್ಯರು ರೋಗದ ಲೆಕ್ಕಕ್ಕೆ ಬೇಕಾದವನ್ನು ತಾವೇ ಬರೆದು ಒಂದೊಂದು ಕಟ್ಟು ಮಾಡಿ ಹಂಚಬಹುದು ಎಂಬ ಏರ್ಪಾಡು ಮಾಡಿದರು. ಈ ಕಟ್ಟೇ ಪ್ಯಾಕೇಜು. ಅವುಗಳನ್ನು ಇಡುವ ಸ್ಥಳಕ್ಕೆ ‘ಲೈಬ್ರರಿ’ ಎಂದು ಹೆಸರು. ಕಟ್ಟು ಎಂದರೆ ಪುಸ್ತಕ, ಲೈಬ್ರರಿ ಎಂದರೆ ಪುಸ್ತಕಗಳ ಕಪಾಟು. ಈ ಎರಡನ್ನೂ ಒಂದೇ ಎಂದು ತಿಳಿಯುವವರು ಇಂದಿಗೂ ಬಹಳ ಮಂದಿ.

ಎಲ್ಲರ ಕಟ್ಟುಗಳಿಗೂ ಒಂದು ಊರು ಬೇಕಾಯಿತು. ಕರ್ಟ್ ಹಾರ್ನಿಕ್ ಮತ್ತು ಫ್ರೀಡ್ರಿಶ್ ಲೈಶ್ ಎಂಬಿಬ್ಬರು 1997ರಲ್ಲಿ ಆಸ್ಟ್ರಿಯಾದ ವಿಯೆನ್ನಾದಲ್ಲಿ ‘ಕ್ರಾನ್’ ಎಂಬ ಭಂಡಾರವನ್ನು ತೆರೆದರು. ಆರಂಭದಲ್ಲಿ ಅಲ್ಲಿದ್ದ ಕಟ್ಟುಗಳು 12. ಇಂದು ಅವು ಇಪ್ಪತ್ತು ಸಾವಿರವನ್ನೂ ದಾಟಿವೆ. ಭಂಡಾರಕ್ಕೆ ಕೆಲವು ಕಟ್ಟುನಿಟ್ಟಿನ ನಿಯಮಗಳಿವೆ. ಪ್ರತಿ ಕಟ್ಟಿಗೂ ಹೊಣೆ ಹೊತ್ತ ಒಬ್ಬ ಪಾಲಕರು ಇರಲೇಬೇಕು. ದೋಷ ಕಂಡುಬಂದಾಗ ಪತ್ರ ಬರೆದು ಗಡುವು ಕೊಡುತ್ತಾರೆ. ತಿದ್ದದಿದ್ದರೆ ಕಟ್ಟನ್ನು ಕಪಾಟಿನಿಂದ ಇಳಿಸುತ್ತಾರೆ. ಆದರೆ ಸುಡುವುದಿಲ್ಲ, ಹಳೆಯ ದಾಖಲೆಗಳ ಕೋಣೆಯಲ್ಲಿ ಇಡುತ್ತಾರೆ. ನಮ್ಮ ಬಿತ್ತುವಟ್ಟದ ಹಿಂದಿದ್ದ ಬುದ್ಧಿಯೇ ಇಲ್ಲಿಯೂ ಕೆಲಸ ಮಾಡಿದೆ: ಪಾಲಕನಿಲ್ಲದ ಕೆರೆ ಬೇಡ.

ಹೂಳು ಎಲ್ಲಿಂದ ಬರುತ್ತದೆ?

ಭಂಡಾರ ವಿಯೆನ್ನಾದಲ್ಲಿ ಅಚ್ಚುಕಟ್ಟಾಗಿದ್ದರೂ ನಮ್ಮ ನಿಮ್ಮ ಗಣಕದಲ್ಲಿ ಹೂಳು ತುಂಬುವುದು ತಪ್ಪುವುದಿಲ್ಲ. ಹತ್ತಿಕುಣಿಯಂಥ ಊರಿನಿಂದ ಕಲಬುರಗಿಗೆ ಓದಲು ಹೋದ ಒಬ್ಬ ವಿದ್ಯಾರ್ಥಿನಿಯನ್ನು ಊಹಿಸಿಕೊಳ್ಳಿ. ಅವಳ ಬಳಿ ಅಕ್ಕನಿಂದ ಬಂದ ಹಳೆಯ ಲ್ಯಾಪ್‌ಟಾಪು. ಇಂಟರ್‌ನೆಟ್ಟಿಗೆ ಮೊಬೈಲೇ ಗತಿ. ಊರಿನ ಮಳೆಯ ನಕ್ಷೆ ಬರೆಯಲು ಅವಳು ಒಂದು ಕಟ್ಟು ಬೇಕೆಂದು ಕೇಳುತ್ತಾಳೆ. ಆ ಕಟ್ಟು ತನ್ನ ಕೆಲಸಕ್ಕೆ ಇನ್ನೂ ಹತ್ತು ಕಟ್ಟುಗಳನ್ನು ನೆಚ್ಚಿಕೊಂಡಿರಬಹುದು, ಅವು ಮತ್ತೆ ಬೇರೆ ಕೆಲವನ್ನು. ಮದುವೆಗೆ ಒಬ್ಬರನ್ನು ಕರೆದರೆ ಇಡೀ ಬೀಗರ ಬಳಗ ಬಂದಿಳಿದ ಹಾಗೆ, ಎಲ್ಲವೂ ಒಟ್ಟಿಗೇ ಬಂದು ಕೂರುತ್ತವೆ.

ಇಲ್ಲಿ ಒಂದು ಮುಖ್ಯ ಸಂಗತಿಯನ್ನು ಗಮನಿಸಬೇಕು. ಡೆಬಿಯನ್ ಲಿನಕ್ಸಿನಂಥ ವ್ಯವಸ್ಥೆಗಳು ಯಾವ ಕಟ್ಟನ್ನು ನೀವೇ ಕೇಳಿ ತರಿಸಿದಿರಿ, ಯಾವುದು ಇನ್ನೊಂದರ ಬೆನ್ನು ಹತ್ತಿ ಬಂದಿತು ಎಂದು ಬರೆದಿಟ್ಟುಕೊಳ್ಳುತ್ತವೆ. ಕೇಳಿ ತರಿಸಿದ್ದನ್ನು ತೆಗೆದಾಗ, ಬೆನ್ನು ಹತ್ತಿ ಬಂದದ್ದು ಇನ್ನು ಬೇಡವೆಂದು ತಾವೇ ಸೂಚಿಸುತ್ತವೆ. ‘ಆರ್’ ಇಂಥ ಲೆಕ್ಕ ಇಡುವುದಿಲ್ಲ. ಕಪಾಟಿನಲ್ಲಿ ಎಲ್ಲ ಪುಸ್ತಕಗಳೂ ಒಂದೇ ಸಾಲು. ಯಾರು ಯಜಮಾನರು, ಯಾರು ನೆಂಟರು ಎಂಬುದು ಮನೆಯವರ ನೆನಪಿನಲ್ಲಿ ಮಾತ್ರ ಇರುತ್ತದೆ.

ಹೂಳಿನ ಎರಡನೆಯ ಮೂಲ ಆವೃತ್ತಿಗಳು. ‘ಆರ್’ ಆವೃತ್ತಿಯ ಸಂಖ್ಯೆ ಮೂರು ಭಾಗದ್ದು. ನಡುವಿನ ಸಂಖ್ಯೆ ಬದಲಾದಾಗ ಸಾಮಾನ್ಯವಾಗಿ ಬಳಕೆದಾರರ ಕಟ್ಟುಗಳಿಗೆ ಹೊಸದೊಂದು ಕಪಾಟು ಸಿದ್ಧವಾಗುತ್ತದೆ. ಹಳೆಯದು ಅಲ್ಲಿಯೇ ಉಳಿಯುತ್ತದೆ. ಅದನ್ನು ಯಾರೂ ತೆರೆಯುವುದಿಲ್ಲ, ಅದು ಜಾಗವನ್ನೂ ಬಿಡುವುದಿಲ್ಲ. ಐದಾರು ವರ್ಷ ಕಳೆದ ಗಣಕದಲ್ಲಿ ಇಂಥ ಪಾಳು ಕಪಾಟುಗಳು ನಾಲ್ಕಾರು ಇದ್ದರೆ ಆಶ್ಚರ್ಯವಿಲ್ಲ.

ಮೂರನೆಯದು, ಅರ್ಧಕ್ಕೆ ನಿಂತ ಕೆಲಸ. ಕಟ್ಟನ್ನು ಇಳಿಸಿಕೊಳ್ಳುವಾಗ ವಿದ್ಯುತ್ತು ಹೋಯಿತು ಅಥವಾ ಗಣಕ ಸ್ಥಗಿತವಾಯಿತು ಎನ್ನಿ. ಆಗ ‘ಸೊನ್ನೆ ಸೊನ್ನೆ ಲಾಕ್’ ಎಂದು ಆರಂಭವಾಗುವ ಹೆಸರಿನ ಒಂದು ಕಡತಕೋಶ ಕಪಾಟಿನಲ್ಲಿ ಉಳಿದುಬಿಡುವುದುಂಟು. ಅದು ಕಸವಲ್ಲ, ಒಂದು ಒಳ್ಳೆಯ ಉದ್ದೇಶದ ಕುರುಹು: ಹೊಸ ಕಟ್ಟು ಕೈಕೊಟ್ಟರೆ ಹಳೆಯದನ್ನು ಮರಳಿಸಲು ಇಟ್ಟುಕೊಂಡ ಪ್ರತಿ. ಆದರೆ ಅದು ಅಲ್ಲಿರುವತನಕ ಮುಂದಿನ ಪ್ರಯತ್ನಕ್ಕೆ ಬಾಗಿಲು ಮುಚ್ಚಿರುತ್ತದೆ.

ಇತಿಹಾಸ ಕೊಟ್ಟ ಎಚ್ಚರಿಕೆಗಳು

ಹಾಗಾದರೆ ಎಲ್ಲವನ್ನೂ ಅಳಿಸಿ ಹೊಸದಾಗಿ ತುಂಬಿಕೊಳ್ಳಬಾರದೇ ಎಂದು ತಾವು ಕೇಳಬಹುದು. ದೂರದರ್ಶನದಲ್ಲಿ ಕೆಲಸ ಮಾಡುವ ನನ್ನಂಥವರು ಈ ಪ್ರಶ್ನೆಗೆ ಬೇಗನೆ ಹೌದೆನ್ನಲಾರರು. ಬ್ರಿಟನ್ನಿನ ಬಿಬಿಸಿ 1960 ಮತ್ತು 70ರ ದಶಕಗಳಲ್ಲಿ ಟೇಪು ದುಬಾರಿ, ಜಾಗ ಕಡಿಮೆ ಎಂಬ ಕಾರಣಕ್ಕೆ ಹಳೆಯ ಕಾರ್ಯಕ್ರಮಗಳನ್ನು ಅಳಿಸಿ ಅದೇ ಟೇಪುಗಳನ್ನು ಮತ್ತೆ ಬಳಸಿತು. ‘ಡಾಕ್ಟರ್ ಹೂ’ ಎಂಬ ಜನಪ್ರಿಯ ಧಾರಾವಾಹಿಯ ಎಷ್ಟೋ ಕಂತುಗಳು ಹೀಗೆ ಹೋದವು. ಮುಂದೆ ಲೋಕವೆಲ್ಲ ಹುಡುಕಿದರೂ ಎಲ್ಲವೂ ಸಿಗಲಿಲ್ಲ. ಸ್ವಚ್ಛಗೊಳಿಸುವುದು ಬೇರೆ, ಅಳಿಸುವುದು ಬೇರೆ.

ಗಣಕ ಲೋಕದಲ್ಲಿಯೂ ಇಂಥ ಪಾಠಗಳಿವೆ. 2016ರ ಮಾರ್ಚಿನಲ್ಲಿ ‘ಜಾವಾಸ್ಕ್ರಿಪ್ಟ್’ ಎಂಬ ಇನ್ನೊಂದು ಭಾಷೆಯ ಭಂಡಾರದಿಂದ ಒಬ್ಬ ಬರಹಗಾರ ‘ಲೆಫ್ಟ್‌ಪ್ಯಾಡ್’ ಎಂಬ ತನ್ನ ಪುಟ್ಟ ಕಟ್ಟನ್ನು ವಾಪಸು ತೆಗೆದುಕೊಂಡ. ಅದರಲ್ಲಿ ಇದ್ದದ್ದು 11 ಸಾಲು. ಆದರೆ ಅದನ್ನು ನೆಚ್ಚಿಕೊಂಡಿದ್ದ ಸಾವಿರಾರು ತಂತ್ರಾಂಶಗಳ ಜೋಡಣೆ ಅಂದು ಕೆಟ್ಟು ನಿಂತಿತು. ಕೆಲವೇ ಗಂಟೆಗಳಲ್ಲಿ ಭಂಡಾರದವರು ಅದನ್ನು ಮರಳಿ ಇಡಬೇಕಾಯಿತು. ತೂಬಿನ ಸಣ್ಣ ಕಲ್ಲೊಂದನ್ನು ಕಿತ್ತರೆ ಏರಿಯೇ ಕುಸಿಯಬಹುದು ಎಂಬುದಕ್ಕೆ ಇದಕ್ಕಿಂತ ನಿದರ್ಶನ ಬೇಕೇ?

‘ಆರ್’ ಇತಿಹಾಸದಲ್ಲೇ 2019ರ ಏಪ್ರಿಲ್ ಒಂದು ಮೈಲಿಗಲ್ಲು. ಒಂದು ಊರಿನ 600 ಮನೆಗಳ ಪಟ್ಟಿಯಿಂದ 60 ಮನೆಗಳನ್ನು ಚೀಟಿ ಎತ್ತಿದಂತೆ ಆರಿಸಬೇಕು ಎನ್ನಿ. ‘ಆರ್’ಗೆ ಒಂದು ಆರಂಭದ ಸಂಖ್ಯೆ ಕೊಟ್ಟರೆ ಅದು ಚೀಟಿ ಎತ್ತುತ್ತದೆ. ಅದೇ ಸಂಖ್ಯೆಯನ್ನು ಮತ್ತೆ ಕೊಟ್ಟರೆ ಅದೇ ಮನೆಗಳು ಬರುತ್ತವೆ. ಸಮೀಕ್ಷೆಯನ್ನು ಇನ್ನೊಬ್ಬರು ಪರಿಶೀಲಿಸಲು ಇದೇ ಆಧಾರ. ಹಳೆಯ ವಿಧಾನದಲ್ಲಿ, ಪಟ್ಟಿ ಬಹಳ ದೊಡ್ಡದಾದಾಗ ಆಯ್ಕೆ ತುಸು ಓರೆಯಾಗುತ್ತದೆ ಎಂದು ಕಂಡುಬಂದದ್ದರಿಂದ 3.6.0 ಆವೃತ್ತಿಯಲ್ಲಿ ವಿಧಾನವನ್ನೇ ಬದಲಿಸಿದರು. ತಿದ್ದುಪಡಿ ಸರಿಯಾದದ್ದೇ. ಆದರೆ ಅದರಾಚೆಗೆ ಅದೇ ಸಂಖ್ಯೆ ಕೊಟ್ಟರೂ ಬೇರೆ ಮನೆಗಳು ಬರತೊಡಗಿದವು. ಹಳೆಯ ವಿಧಾನವನ್ನು ಕೇಳಿ ಪಡೆಯುವ ಅವಕಾಶವನ್ನು ಉಳಿಸಿದ್ದಾರೆ. ಆದರೆ ಹಿಂದೆ ಯಾವ ಆವೃತ್ತಿಯಲ್ಲಿ ಲೆಕ್ಕ ಮಾಡಿದ್ದೆವು ಎಂದು ಬರೆದಿಟ್ಟವರಿಗೆ ಮಾತ್ರ ಅದರ ಪ್ರಯೋಜನ.

2020ರ ಏಪ್ರಿಲ್‌ನಲ್ಲಿ 4.0.0 ಬಂದಾಗ ಎಲ್ಲ ಕಟ್ಟುಗಳನ್ನೂ ಹೊಸದಾಗಿ ಸ್ಥಾಪಿಸಿಕೊಳ್ಳಬೇಕು ಎಂದು ಪ್ರಕಟಣೆಯಲ್ಲೇ ಹೇಳಿದರು. 2023ರ ಅಕ್ಟೋಬರಿನಲ್ಲಿ ‘ಆರ್‌ಜಿಡಾಲ್’, ‘ಆರ್‌ಜಿಯೋಸ್’, ‘ಮ್ಯಾಪ್‌ಟೂಲ್ಸ್’ ಎಂಬ ಮೂರು ಕಟ್ಟುಗಳು ಕ್ರಾನ್ ಕಪಾಟಿನಿಂದ ಇಳಿದವು. ಊರು-ಜಿಲ್ಲೆಗಳ ನಕ್ಷೆ ಬರೆಯುವವರು ವರ್ಷಗಟ್ಟಲೆ ನೆಚ್ಚಿಕೊಂಡಿದ್ದ ಕಟ್ಟುಗಳವು. ನಾರ್ವೆಯ ರೋಜರ್ ಬಿವಾಂಡ್ ಅವರು ನಿವೃತ್ತಿಯ ಹಿನ್ನೆಲೆಯಲ್ಲಿ ಬಹಳ ಮುಂಚಿನಿಂದಲೇ ಎಚ್ಚರಿಕೆ ಕೊಟ್ಟು, ‘ಎಸ್‌ಎಫ್’, ‘ಟೆರ್ರಾ’ ಎಂಬ ಹೊಸ ಕಟ್ಟುಗಳ ಕಡೆಗೆ ಎಲ್ಲರಿಗೂ ದಾರಿ ತೋರಿಸಿದ್ದರು. ಅದೇ 2023ರ ಜುಲೈಯಲ್ಲಿ, ಪ್ರತಿ ದಿನದ ಕ್ರಾನ್ ಭಂಡಾರದ ಪ್ರತಿಗಳನ್ನು ಕಾಯ್ದಿಡುತ್ತಿದ್ದ ಮೈಕ್ರೋಸಾಫ್ಟ್ ಕಂಪನಿಯ ‘ಎಂರಾನ್’ ಸೇವೆ ಮುಚ್ಚಿತು. ಯಾರೋ ಕಾಯ್ದಿಟ್ಟಿರುತ್ತಾರೆ ಎಂಬ ಭರವಸೆಗೂ ಒಂದು ಕೊನೆಯ ದಿನ ಇರುತ್ತದೆ.

ಹೂಳೆತ್ತುವ ಕ್ರಮ

ಈಗ ವಿಧಾನಕ್ಕೆ ಬರೋಣ. ಮನೆಯಲ್ಲಿ ‘ಆರ್’ ಬಳಸುವ ಮಕ್ಕಳಿದ್ದರೆ ಈ ಭಾಗವನ್ನು ಅವರಿಗೆ ಓದಿ ಹೇಳಿ.

ಮೊದಲನೆಯದು, ಪಟ್ಟಿ. ‘ಇನ್‌ಸ್ಟಾಲ್ಡ್’, ‘ಪ್ಯಾಕೇಜಸ್’ ಎಂಬ ಎರಡು ಪದಗಳ ನಡುವೆ ಒಂದು ಚುಕ್ಕೆ ಇಟ್ಟು ಆಜ್ಞೆ ಕೊಟ್ಟರೆ, ಇರುವ ಎಲ್ಲ ಕಟ್ಟುಗಳ ಹೆಸರು, ಆವೃತ್ತಿ, ಯಾವ ಕಪಾಟಿನಲ್ಲಿದೆ, ‘ಆರ್’ನ ಯಾವ ಆವೃತ್ತಿಯಲ್ಲಿ ಸಿದ್ಧವಾಯಿತು ಎಂಬ ವಿವರ ಸಿಗುತ್ತದೆ. ಅಳಿಸುವ ಮುನ್ನ ಈ ಪಟ್ಟಿಯನ್ನು ಒಂದು ಕಡತದಲ್ಲಿ ಉಳಿಸಿ. ಏನು ತೆಗೆದೆವು ಎಂಬುದರ ದಾಖಲೆ ಇದ್ದರೆ ತೆಗೆದದ್ದನ್ನು ಮರಳಿ ತರಬಹುದು.

ಎರಡನೆಯದು, ಮುಟ್ಟಬಾರದವು ಯಾವುವು ಎಂದು ತಿಳಿಯುವುದು. ಪಟ್ಟಿಯಲ್ಲಿ ಆದ್ಯತೆಯ ಕಾಲಂ ಇರುತ್ತದೆ. ‘ಬೇಸ್’ ಎಂದಿರುವ 14 ಕಟ್ಟುಗಳು ಭಾಷೆಯ ಅಂಗಾಂಗಗಳೇ. ಅವಿಲ್ಲದೆ ‘ಆರ್’ ಇಲ್ಲ. ‘ರೆಕಮೆಂಡೆಡ್’ ಎಂದಿರುವ 15 ಕಟ್ಟುಗಳು ಸಾಮಾನ್ಯವಾಗಿ ಜೊತೆಯಲ್ಲೇ ಬರುತ್ತವೆ. ಮೊದಲು ಹೇಳಿದ ‘ಲ್ಯಾಟಿಸ್’ ಇವುಗಳಲ್ಲಿ ಒಂದು. ಇವೆರಡನ್ನೂ ಬಿಟ್ಟು ಉಳಿದವುಗಳ ಮೇಲೆ ಮಾತ್ರ ಕೈ ಇಡಬೇಕು.

ಮೂರನೆಯದು, ನೆಂಟಸ್ತಿಕೆ ವಿಚಾರಿಸುವುದು. ಈ ಕಟ್ಟನ್ನು ತೆಗೆದರೆ ಯಾವ ಕಟ್ಟು ನಿಲ್ಲುತ್ತದೆ ಎಂದು ಕೇಳುವ ಸೌಲಭ್ಯ ‘ಟೂಲ್ಸ್’ ಎಂಬ ಮೂಲ ಕಟ್ಟಿನಲ್ಲಿದೆ. ಇದನ್ನು ನಾವಾಗಿಯೇ ಕೇಳಬೇಕು. ಏಕೆಂದರೆ ತೆಗೆದುಹಾಕುವ ಆಜ್ಞೆ, ಅಂದರೆ ‘ರಿಮೂವ್’ ಮತ್ತು ‘ಪ್ಯಾಕೇಜಸ್’ ಪದಗಳ ನಡುವೆ ಚುಕ್ಕೆ ಇಟ್ಟ ಆಜ್ಞೆ, ‘ಇದನ್ನು ಇನ್ನೊಂದು ನೆಚ್ಚಿಕೊಂಡಿದೆ, ಜೋಕೆ’ ಎಂದು ಎಚ್ಚರಿಸುವುದಿಲ್ಲ. ಹೇಳಿದ್ದನ್ನು ಮಾಡಿ ಸುಮ್ಮನಾಗುತ್ತದೆ. ಫಲ ಗೊತ್ತಾಗುವುದು ಮುಂದೊಂದು ದಿನ, ‘ಈ ಹೆಸರಿನ ಕಟ್ಟು ಇಲ್ಲ’ ಎಂಬ ಉತ್ತರ ಬಂದಾಗ.

ನಾಲ್ಕನೆಯದು, ಹೊಸ ಅಧಿವೇಶನದಲ್ಲಿ ಕೆಲಸ ಮಾಡುವುದು. ಬಳಕೆಯಲ್ಲಿರುವ ಕಟ್ಟಿನ ಕಡತಗಳನ್ನು ವಿಂಡೋಸ್ ವ್ಯವಸ್ಥೆ ಬಿಟ್ಟುಕೊಡುವುದಿಲ್ಲ. ‘ಆರ್’ ಮುಚ್ಚಿ, ಮತ್ತೆ ತೆರೆದು, ಯಾವ ಕಟ್ಟನ್ನೂ ಕರೆಯದೆ ಈ ಕೆಲಸ ಮಾಡಬೇಕು. ‘ಸೊನ್ನೆ ಸೊನ್ನೆ ಲಾಕ್’ ಕೋಶ ಉಳಿದಿದ್ದರೆ, ಬೇರೆ ಯಾವ ಸ್ಥಾಪನೆಯೂ ನಡೆಯುತ್ತಿಲ್ಲವೆಂದು ಖಚಿತಪಡಿಸಿಕೊಂಡು ಅದನ್ನು ತೆಗೆಯಬಹುದು. ಹಳೆಯ ಆವೃತ್ತಿಯ ಪಾಳು ಕಪಾಟುಗಳನ್ನು, ಅವುಗಳ ಪಟ್ಟಿ ಕೈಗೆ ಬಂದ ಮೇಲೆ, ತೆಗೆದುಬಿಡಬಹುದು. ಹೆಚ್ಚು ಜಾಗ ತೆರವಾಗುವುದು ಇಲ್ಲಿಂದಲೇ.

ಐದನೆಯದು, ಎಲ್ಲಕ್ಕಿಂತ ಮುಖ್ಯವಾದದ್ದು: ಒಂದೊಂದು ಕೆಲಸಕ್ಕೆ ಒಂದೊಂದು ಕಪಾಟು. ‘ಆರ್‌ಎನ್ವ್’ ಎಂಬ ಕಟ್ಟು 2019ರಿಂದ ಈ ಅನುಕೂಲ ಕೊಡುತ್ತಿದೆ. ಒಂದು ಅಧ್ಯಯನಕ್ಕೆ ಬಳಸಿದ ಕಟ್ಟುಗಳ ಹೆಸರು, ಆವೃತ್ತಿಗಳನ್ನು ಅದು ಚಿಕ್ಕದೊಂದು ಕಡತದಲ್ಲಿ ಬರೆದಿಡುತ್ತದೆ. ಆ ಕಡತವಿದ್ದರೆ ನಾಳೆ ಇನ್ನೊಬ್ಬರು, ಇನ್ನೊಂದು ಊರಿನಲ್ಲಿ, ಅದೇ ಕಪಾಟನ್ನು ಮತ್ತೆ ಜೋಡಿಸಿಕೊಳ್ಳಲು ಯತ್ನಿಸಬಹುದು. ಕಪಾಟನ್ನು ಅಳಿಸಿದರೂ ಕಪಾಟಿನ ನೆನಪು ಉಳಿಯುತ್ತದೆ.

ಯಾದಗಿರಿಗೆ ಇದರಿಂದ ಏನು?

ಕೊನೆಗೆ ಮತ್ತೆ ನಮ್ಮ ಸೀಮೆಯ ಮಾತು. ಯಾದಗಿರಿ ಪ್ರತ್ಯೇಕ ಜಿಲ್ಲೆಯಾಗಲು ಸರ್ಕಾರದ ತೀರ್ಮಾನವಾದದ್ದು 2009ರಲ್ಲಿ. ಅದಕ್ಕೆ ಹಿಂದಿನ ಅಂಕಿ-ಅಂಶಗಳೆಲ್ಲ ಗುಲ್ಬರ್ಗ ಜಿಲ್ಲೆಯ ಹೆಸರಿನಲ್ಲಿವೆ. ಗುಲ್ಬರ್ಗ 2014ರಲ್ಲಿ ಕಲಬುರಗಿ ಎಂದಾಯಿತು. ಅಂದರೆ ಶಹಾಪುರ, ಸುರಪುರ, ಯಾದಗಿರಿ ತಾಲೂಕುಗಳ ಐವತ್ತು ವರ್ಷದ ಚರಿತ್ರೆಯನ್ನು ಬರೆಯಲು ಹೊರಟವರು ಬೇರೆ ಬೇರೆ ಹೆಸರುಗಳಡಿಯಲ್ಲಿ ಹಂಚಿಹೋದ ಸಂಖ್ಯೆಗಳನ್ನು ಜೋಡಿಸಬೇಕು. ಜೋಡಿಸಿದ ರೀತಿಯನ್ನು, ಬಳಸಿದ ಕಟ್ಟುಗಳನ್ನು ಬರೆದಿಡದಿದ್ದರೆ ಮುಂದೆ ಬರುವವರು ಅದೇ ಕೆಲಸವನ್ನು ಮೊದಲಿನಿಂದ ಮಾಡಬೇಕಾಗುತ್ತದೆ.

2018ರಲ್ಲಿ ಕೇಂದ್ರ ಸರ್ಕಾರ ಮಹತ್ವಾಕಾಂಕ್ಷೆಯ ಜಿಲ್ಲೆಗಳ ಕಾರ್ಯಕ್ರಮವನ್ನು ಆರಂಭಿಸಿದಾಗ ಕರ್ನಾಟಕದಿಂದ ಆಯ್ಕೆಯಾದವು ರಾಯಚೂರು ಮತ್ತು ಯಾದಗಿರಿ. ಆರೋಗ್ಯ, ಶಿಕ್ಷಣ, ಕೃಷಿ ಎಂದು ಹಲವು ಸೂಚಕಗಳ ಲೆಕ್ಕದ ಮೇಲೆ ಅಲ್ಲಿ ಜಿಲ್ಲೆಗಳ ಸ್ಥಾನ ನಿರ್ಧಾರವಾಗುತ್ತದೆ. ಹಿಂದುಳಿದಿದ್ದೇವೆ ಎನ್ನುವುದಕ್ಕೂ ಲೆಕ್ಕ ಬೇಕು, ಮುಂದೆ ಬಂದೆವು ಎನ್ನುವುದಕ್ಕೂ ಲೆಕ್ಕ ಬೇಕು. ಆ ಲೆಕ್ಕವನ್ನು ಹೊರಗಿನವರು ಮಾಡಿ ನಮಗೆ ಹೇಳಿದರೆ ಸಾಲದು. ನಮ್ಮ ಊರಿನ ಮಕ್ಕಳು ತಾವೇ ಮಾಡಿ, ಹೌದು ಅಥವಾ ಅಲ್ಲ ಎಂದು ಹೇಳುವಂತಾಗಬೇಕು. ಹಣ ಕೊಡದೆ ಸಿಗುವ ‘ಆರ್’ ಭಾಷೆ ಆ ಅವಕಾಶವನ್ನು ತೆರೆದಿಟ್ಟಿದೆ. ಹಳೆಯ ಲ್ಯಾಪ್‌ಟಾಪೂ ಅದಕ್ಕೆ ಸಾಕು, ಅದರ ಕೆರೆಯಲ್ಲಿ ಹೂಳು ತುಂಬದಿದ್ದರೆ.

ವರ್ಷಕ್ಕೆರಡು ಬಾರಿ, ಬೇಕಾದರೆ ಯುಗಾದಿಗೊಮ್ಮೆ, ದಸರೆಗೊಮ್ಮೆ ಎಂದಿಟ್ಟುಕೊಳ್ಳಿ, ಪಟ್ಟಿ ತೆಗೆದು, ನೆಂಟಸ್ತಿಕೆ ವಿಚಾರಿಸಿ, ಬೇಡವಾದದ್ದನ್ನು ಇಳಿಸಿ, ಇಳಿಸಿದ್ದನ್ನು ಬರೆದಿಡಿ. ಕೆರೆಯಿಂದ ಎತ್ತಿದ ಹೂಳನ್ನು ನಮ್ಮ ರೈತರು ಹೊಲಕ್ಕೆ ಹಾಕಿಕೊಳ್ಳುತ್ತಾರೆ, ಅದು ಗೊಬ್ಬರವಾಗುತ್ತದೆ. ಹಾಗೆಯೇ ನೀವು ಉಳಿಸಿದ ಆ ಪಟ್ಟಿಯೂ ಮುಂದೆ ಅದೇ ಲೆಕ್ಕ ಮಾಡುವವರ ಕೈಗೆ ಬರಲಿ.